ನಮ್ಮ ಹಳೆಯ ಒಕ್ಕಲು ಮನೆಗಳು



ಬೆಂಗಳೂರಿನ ಶ್ರೀನಗರದಲ್ಲಿ ಇಂದು ನಿಂತು ನೋಡಿದರೆ ಬರಿಯ ನೆಲ ಕಾಣುವುದು ಕಷ್ಟ. ಇಪ್ಪತ್ತು ಮೂವತ್ತರ ನಿವೇಶನಗಳಲ್ಲಿ ಮೂರಂತಸ್ತು, ನಾಲ್ಕಂತಸ್ತಿನ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಆದರೆ ಸುತ್ತಮುತ್ತಲಿನ ಹೆಸರುಗಳನ್ನು ಒಮ್ಮೆ ಹೇಳಿಕೊಳ್ಳಿ: ಗುಟ್ಟಹಳ್ಳಿ, ಸುಂಕೇನಹಳ್ಳಿ, ಹೊಸಕೆರೆಹಳ್ಳಿ, ಕತ್ರಿಗುಪ್ಪೆ, ಮಾವಳ್ಳಿ. ಎಲ್ಲವೂ ಬೇಸಾಯದ ಹಳ್ಳಿಗಳ ಹೆಸರುಗಳೇ. ಹತ್ತಿರದಲ್ಲೇ ಕೆಂಪೇಗೌಡರ ಕಾಲದ ಕೆಂಪಾಂಬುಧಿ ಕೆರೆ ಇದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ಸುತ್ತಲ ಹಳ್ಳಿಗಳ ರೈತರ ಕಡಲೆಕಾಯಿ ಬೆಳೆಯನ್ನು ಬಸವ ಬಂದು ಮೇಯುತ್ತಿದ್ದನಂತೆ. ಅವನನ್ನು ಸಮಾಧಾನಪಡಿಸಲು ಮೊದಲ ಫಸಲನ್ನು ಒಪ್ಪಿಸುವ ಪದ್ಧತಿ ಬಂತಂತೆ. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದ ಬೆಳೆ. ಈ ಕಥೆಯ ವಯಸ್ಸನ್ನು ಲೆಕ್ಕ ಹಾಕುವವರು ಅದನ್ನು ಮರೆಯಬಾರದು. ಅದು ಹೇಗಾದರೂ ಇರಲಿ, ಕಥೆ ಉಳಿದಿದೆ, ಪರಿಷೆ ಉಳಿದಿದೆ, ಊರಿನ ಹೆಸರುಗಳೂ ಉಳಿದಿವೆ. ಆ ಕಡಲೆಕಾಯಿ ಬೆಳೆದವರ ಮನೆ ಹೇಗಿತ್ತು ಎಂದು ಕೇಳಿದರೆ ಮಾತ್ರ ಉತ್ತರ ಹೇಳುವವರು ವಿರಳ.

ಈ ಪ್ರಶ್ನೆ ನನ್ನನ್ನು ಕಾಡಲು ನನ್ನ ವೃತ್ತಿಯೂ ಕಾರಣ. ದೂರದರ್ಶನದಲ್ಲಿ ಹಳೆಯ ಕಟ್ಟಡಗಳ ಬಗ್ಗೆ ಕಾರ್ಯಕ್ರಮವೆಂದರೆ ದೇವಾಲಯ, ಕೋಟೆ, ಅರಮನೆ. ಇವುಗಳಿಗೆ ಶಾಸನವಿದೆ, ರಾಜರ ಹೆಸರಿದೆ, ಇಸವಿಯಿದೆ. ಒಕ್ಕಲು ಮನೆಗೆ ಇವಾವುವೂ ಇಲ್ಲ. ಅಪರೂಪಕ್ಕೆ ಅಂಥ ಮನೆಯೊಂದನ್ನು ಚಿತ್ರೀಕರಿಸಿದರೂ ಕ್ಯಾಮರಾ ನೇರವಾಗಿ ಹೋಗುವುದು ಕೆತ್ತನೆಯ ಬಾಗಿಲಿಗೆ, ಬೋದಿಗೆಯ ಕಂಬಕ್ಕೆ. ಕೊಟ್ಟಿಗೆಯ ಕಡೆಗೆ, ಅಟ್ಟದ ಕಡೆಗೆ ಅದು ತಿರುಗುವುದೇ ಇಲ್ಲ. ವಾಸ್ತವವಾಗಿ ಮನೆಯ ಕಥೆ ಇರುವುದು ಅಲ್ಲಿ.

ಒಕ್ಕಲು ಎಂಬ ಮಾತನ್ನೇ ಗಮನಿಸಿ. ಒಕ್ಕಲು ಎಂದರೆ ಬೇಸಾಯಗಾರ. ಒಕ್ಕಲು ಎಂದರೆ ಒಂದು ಮನೆತನ. ಹೊಸ ಮನೆಗೆ ಕಾಲಿಡುವುದನ್ನು ನಾವು ಇಂದಿಗೂ ಮನೆಯೊಕ್ಕಲು ಎನ್ನುತ್ತೇವೆ. ಉಳುವುದು ಮತ್ತು ವಾಸಿಸುವುದು ಒಂದೇ ಪದದಲ್ಲಿ ಕೂಡಿಕೊಂಡಿವೆ. ಮನೆಯೂ ಹಾಗೆಯೇ. ಹಳೆಯ ಒಕ್ಕಲು ಮನೆಯೆಂದರೆ ರೈತ ಮಲಗಿ ಏಳುವ ಕಟ್ಟಡವಷ್ಟೇ ಅಲ್ಲ. ನೇಗಿಲು ಕುಂಟೆಗಳಂತೆ ಅದೂ ಬೇಸಾಯದ ಒಂದು ಉಪಕರಣ. ಯಾವ ಬೆಳೆ, ಎಷ್ಟು ಮಳೆ, ಎಷ್ಟು ದನ, ಎಷ್ಟು ಆಳು ಎಂಬ ಲೆಕ್ಕಕ್ಕೆ ಸರಿಯಾಗಿ ಅದರ ಒಂದೊಂದು ಭಾಗವೂ ರೂಪುಗೊಂಡಿದೆ.

ಮೊದಲು ಬೆಂಗಳೂರು, ತುಮಕೂರು, ಕೋಲಾರ, ಮಂಡ್ಯದ ಕಡೆಯ ರಾಗಿ ಸೀಮೆಯ ತೊಟ್ಟಿ ಮನೆಯನ್ನು ಹೊಕ್ಕು ನೋಡೋಣ.

ಬೀದಿಗೆ ಮುಖ ಮಾಡಿದ ಜಗುಲಿ ಹತ್ತಿ ಬಾಗಿಲು ದಾಟಿದರೆ, ಅನೇಕ ಮನೆಗಳಲ್ಲಿ ಮೊದಲು ಎದುರಾಗುವವರು ಮನೆಯ ಜನರಲ್ಲ, ದನಗಳು. ಒಂದು ಪಕ್ಕದಲ್ಲಿ ಒಂದೆರಡು ಅಡಿ ತಗ್ಗಾದ ನೆಲ, ಅಲ್ಲಿ ಎತ್ತುಗಳು. ಅವುಗಳ ಮುಂದೆ ಗೋದಲಿ. ಗೋದಲಿಯ ಈಚೆಗೆ ಎತ್ತರದ ಪಡಸಾಲೆ. ಅಲ್ಲಿ ಮನೆಯ ಗಂಡಸರು ಮಲಗುತ್ತಿದ್ದರು. ರಾತ್ರಿ ಎತ್ತು ಉಸಿರು ಬಿಟ್ಟರೆ ಯಜಮಾನನಿಗೆ ಕೇಳಿಸಬೇಕು. ಇದನ್ನು ಅನಾಗರಿಕತೆ ಎಂದು ಮೂಗು ಮುಚ್ಚಿಕೊಳ್ಳುವವರಿಗೆ ಒಂದು ವಿಷಯ ತಿಳಿಸಬೇಕು. ಇಂಗ್ಲೆಂಡಿನ ಡೆವನ್ ಸೀಮೆಯ ಹಳೆಯ ರೈತರ ಉದ್ದ ಮನೆಗಳಲ್ಲೂ ಮನುಷ್ಯರು ಮತ್ತು ದನಗಳು ಒಂದೇ ಮಾಡಿನ ಕೆಳಗೆ, ಒಂದೇ ಬಾಗಿಲಿನಿಂದ ಓಡಾಡುತ್ತಿದ್ದರು. ಇಳಿಜಾರಿನ ಮೇಲ್ಭಾಗದಲ್ಲಿ ಮನೆಯವರು, ಕೆಳಭಾಗದಲ್ಲಿ ದನಗಳು. ಗಂಜಲ ಹರಿದು ಹೋಗುವುದು ಕೆಳಕ್ಕೆ ತಾನೆ? ಯಾರೂ ಯಾರಿಂದಲೂ ಕಲಿತದ್ದಲ್ಲ. ಎತ್ತೇ ದೊಡ್ಡ ಆಸ್ತಿಯಾದ ಕಡೆ ಮನೆ ಹೀಗೆ ರೂಪುಗೊಳ್ಳುತ್ತದೆ.

ಪಡಸಾಲೆ ದಾಟಿದರೆ ತೊಟ್ಟಿ. ನಾಲ್ಕು ಕಡೆಯಿಂದಲೂ ಮಾಡು ಒಳಕ್ಕೆ ಇಳಿದು ಬಂದು ನಡುವೆ ಆಕಾಶಕ್ಕೆ ತೆರೆದ ಚೌಕ. ಹೊರಗೋಡೆಗಳಲ್ಲಿ ಕಿಟಕಿ ಇಲ್ಲವೆನ್ನುವಷ್ಟು ಕಡಿಮೆ. ಕಳ್ಳಕಾಕರ ಭಯವಿದ್ದ ಕಾಲ. ಗಾಳಿ ಬೆಳಕುಗಳೆರಡೂ ಮೇಲಿನಿಂದಲೇ ಬರಬೇಕು. ಬೆಳಗಿನ ಹನ್ನೊಂದು ಗಂಟೆಯ ಹೊತ್ತಿಗೆ ತೊಟ್ಟಿಯ ಸುತ್ತಣ ಪಡಸಾಲೆಯಲ್ಲಿ ಚಿತ್ರೀಕರಣಕ್ಕೆ ದೀಪವೇ ಬೇಡ. ನೆಲಕ್ಕೆ ಬಿದ್ದ ಬಿಸಿಲು ಮೇಲೆದ್ದು ಮುಖದ ಮೇಲೆ ಹರಡುತ್ತದೆ. ಎಷ್ಟೇ ದೀಪ ಹಚ್ಚಿದರೂ ಸ್ಟುಡಿಯೋದಲ್ಲಿ ಅಂಥ ಮೃದುವಾದ ಬೆಳಕು ಬರುವುದಿಲ್ಲ. ರಾತ್ರಿಯಾದರೆ ತೊಟ್ಟಿಯ ನೆಲ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ. ಅದು ತೊಟ್ಟಿಯೊಳಗೆ ಇಳಿದು ಪಡಸಾಲೆಗೆ ಹರಡುತ್ತದೆ. ಇತ್ತ ಒಂದೂವರೆ ಎರಡು ಅಡಿ ದಪ್ಪದ ಮಣ್ಣಿನ ಗೋಡೆ ಹಗಲಿನ ಬಿಸಿಯನ್ನು ತನ್ನಲ್ಲೇ ಹಿಡಿದಿಟ್ಟುಕೊಂಡು, ಅದು ಒಳಕ್ಕೆ ಮುಟ್ಟುವಷ್ಟರಲ್ಲಿ ರಾತ್ರಿಯಾಗಿರುವಂತೆ ನೋಡಿಕೊಳ್ಳುತ್ತದೆ. ಭೌತಶಾಸ್ತ್ರ ಓದುವಾಗ ಶಾಖವಹನದ ಲೆಕ್ಕಗಳನ್ನು ನಾನೂ ಬಿಡಿಸಿದ್ದೆ. ಆ ಲೆಕ್ಕ ಇಂಥ ಗೋಡೆಯೊಳಗೇ ನಡೆಯುತ್ತಿದೆ ಎಂದು ನಮ್ಮ ಪಠ್ಯಪುಸ್ತಕ ಹೇಳಲಿಲ್ಲ.

ಮನೆಯ ಅಳತೆಯ ಬಗ್ಗೆಯೂ ಒಂದು ಮಾತು. ನಾವು ಚದರಡಿ ಎನ್ನುತ್ತೇವೆ, ಬೆಂಗಳೂರಿನಲ್ಲಿ ಚದರ ಎನ್ನುತ್ತೇವೆ. ಹಳ್ಳಿಯಲ್ಲಿ ಅಂಕಣ ಎನ್ನುತ್ತಿದ್ದರು. ಕಂಬದಿಂದ ಕಂಬಕ್ಕೆ, ತೊಲೆಯಿಂದ ತೊಲೆಗೆ ಇರುವ ಜಾಗ ಒಂದು ಅಂಕಣ. ಒಂಬತ್ತು ಅಂಕಣದ ಮನೆ, ಹನ್ನೆರಡು ಅಂಕಣದ ಮನೆ ಎಂದರೆ ಸಾಕು, ಕೇಳುವವರಿಗೆ ಆ ಮನೆತನದ ಅಂತಸ್ತು ತಿಳಿಯುತ್ತಿತ್ತು. ಈ ಅಳತೆ ಹುಟ್ಟಿದ್ದು ಮರದಿಂದ. ಸುತ್ತಲಿನಲ್ಲಿ ಸಿಗುವ ಮರ ಮಧ್ಯೆ ಬಾಗದಂತೆ ಎಷ್ಟು ಉದ್ದ ಭಾರ ಹೊರಬಲ್ಲದೋ ಅಷ್ಟೇ ಅಂಕಣದ ಅಗಲ. ಮನೆ ದೊಡ್ಡದಾಗಬೇಕಾದರೆ ಕೋಣೆ ದೊಡ್ಡದಾಗುವುದಿಲ್ಲ, ಅಂಕಣಗಳು ಹೆಚ್ಚುತ್ತವೆ. ಆದ್ದರಿಂದಲೇ ಹಳೆಯ ಮನೆಯಲ್ಲಿ ಅಷ್ಟೊಂದು ಕಂಬಗಳು! ಶೋಭೆಗಾಗಿ ಅಲ್ಲ.

ಇನ್ನು ರಾಗಿಯ ವಿಷಯ. ಈ ಮನೆಯ ಮುಖ್ಯ ಕೆಲಸವೇ ರಾಗಿಯನ್ನು ಕಾಪಾಡುವುದು. ಬೆಂಗಳೂರಿನ ಸುತ್ತ ವರ್ಷಕ್ಕೆ ಬೀಳುವ ಮಳೆ ಸುಮಾರು 900ರಿಂದ 1000 ಮಿಲಿಮೀಟರು, ಅದೂ ನೆಚ್ಚಿಕೊಳ್ಳುವಂತಿಲ್ಲ. ಒಂದು ವರ್ಷ ಕೈಕೊಟ್ಟರೆ ಹಿಂದಿನ ವರ್ಷದ ಕಾಳೇ ಗತಿ. ವರ್ಷದ ಬಳಕೆಗೆ ಮಣ್ಣಿನ ವಾಡೆ, ಸಗಣಿ ಬಳಿದ ಬಿದಿರಿನ ಕಣಜ. ಬರಗಾಲಕ್ಕೆಂದು ಹಗೇವು. ಮನೆಯ ಅಂಗಳದಲ್ಲೋ ಊರ ಮುಂದಿನ ಗಟ್ಟಿ ನೆಲದಲ್ಲೋ ತೋಡಿದ ನೆಲದೊಳಗಿನ ಗುಡಾಣ ಅದು: ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದಾದ ಬಾಯಿ, ಒಳಗೆ ಗಡಿಗೆಯಂತೆ ಅಗಲವಾದ ಹೊಟ್ಟೆ. ರಾಗಿ ತುಂಬಿ, ಹುಲ್ಲು ಹರಡಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಚಿಂತೆಯಿಲ್ಲ.

ಅದು ಹೇಗೆ ಕೆಡದೆ ಉಳಿಯುತ್ತದೆ? ಕಾಳಿಗೆ ಜೀವವಿದೆ, ಅದು ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿರುವ ಅಲ್ಪಸ್ವಲ್ಪ ಆಮ್ಲಜನಕವನ್ನು ಕಾಳು, ಹುಳು, ಬೂಷ್ಟು ಎಲ್ಲ ಸೇರಿ ತೀರಿಸಿಬಿಡುತ್ತವೆ. ಅದರ ಜಾಗದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಆಮೇಲೆ ಹುಳುವಿಗೆ ಬದುಕಿಲ್ಲ. ರಾಗಿಯ ಕಾಳು ಸಣ್ಣದು, ಅದರ ಸಿಪ್ಪೆಯಲ್ಲಿ ಒಗರು ಅಂಶ ಹೆಚ್ಚು. ಹುಳು ಹಿಡಿಯುವುದೇ ಅಪರೂಪ. ಎರಡೂ ಸೇರಿ ಕೆಲಸ ಸುಲಭವಾಯಿತು. ಆದರೆ ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬಾಯಿ ತೆರೆದ ಮಾತ್ರಕ್ಕೆ ಹೊರಗೆ ಹೋಗದೆ ತಳದಲ್ಲೇ ನಿಲ್ಲುತ್ತದೆ. ಹಗೇವು ತೆರೆದು ಆತುರದಿಂದ ಇಳಿದವರು ಅಲ್ಲೇ ಪ್ರಾಣ ಬಿಟ್ಟದ್ದುಂಟು. ಅದಕ್ಕೇ ಹಿರಿಯರು ಕಲ್ಲು ಸರಿಸಿ ಬಹಳ ಹೊತ್ತು ಬಿಟ್ಟು, ದೀಪವೊಂದನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯಬಾರದು. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನಾವು ಗಾಜಿನ ಜಾಡಿಯೊಳಗೆ ಉರಿಯುವ ಕಡ್ಡಿ ಇಳಿಸಿ ಮಾಡುವ ಪರೀಕ್ಷೆ ಇದೇ ಅಲ್ಲವೇ? ಹೆಸರು ಮಾತ್ರ ಬೇರೆ.

ಅಡಿಗೆಮನೆಯಲ್ಲಿ ಹೊಗೆ ಹೋಗಲು ಕೊಳವೆ ಇಲ್ಲ. ಹೆಂಚಿನ ಸಂದಿನಲ್ಲಿ ಅದು ತಾನಾಗಿ ದಾರಿ ಹುಡುಕಿಕೊಳ್ಳಬೇಕು. ಹೋಗುವ ಮೊದಲು ಜಂತೆ, ಬಿದಿರುಗಳಿಗೆ ಮಸಿಯ ಲೇಪ ಹಚ್ಚಿ ಗೆದ್ದಲು ಹುಳುವಿನಿಂದ ರಕ್ಷಿಸುತ್ತದೆ. ಒಲೆಯ ಮೇಲೆ ತೂಗುಹಾಕಿದ ಬಿತ್ತನೆ ಕಾಯಿಗಳನ್ನು ಮುಂದಿನ ಹಂಗಾಮಿನ ತನಕ ಕಾಯುತ್ತದೆ. ಮರಕ್ಕೂ ಬೀಜಕ್ಕೂ ಒಳ್ಳೆಯದು. ಅಲ್ಲಿ ದಿನವೆಲ್ಲ ಕುಳಿತು ಊದುಕೊಳವೆ ಊದುವ ಹೆಂಗಸಿನ ಕಣ್ಣಿಗೆ, ಎದೆಗೆ? ಹಳೆಯ ಮನೆಯ ಜಾಣ್ಮೆಯನ್ನು ಹೊಗಳುವ ನಾವು ಈ ಲೆಕ್ಕವನ್ನೂ ಬರೆದುಕೊಳ್ಳಬೇಕು.

ಇದೇ ತೊಟ್ಟಿಯ ಮನೆ ಘಟ್ಟದ ಮಳೆಗೆ ಸಿಕ್ಕರೆ ಏನಾಗುತ್ತದೆ? ಇದನ್ನು ನೋಡಲು ತೀರ್ಥಹಳ್ಳಿ ತಾಲ್ಲೂಕಿಗೆ ಹೋಗಬೇಕು. ಆ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರಿಗೂ ಮೇಲೆ, ಅಂದರೆ ಬೆಂಗಳೂರಿನ ಏಳು ಪಟ್ಟು. ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹೋಗುವ ದಾರಿಯಲ್ಲಿ ಕುಪ್ಪಳಿ ಇದೆ. ಕುವೆಂಪು ಅವರು ಬೆಳೆದ ಮನೆ ಅಲ್ಲಿದೆ. ತಮ್ಮಲ್ಲಿ ಹಲವರು ನೋಡಿರಬಹುದು. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಅದನ್ನು ದುರಸ್ತಿ ಮಾಡಿಸಿ ಕವಿಮನೆಯೆಂಬ ವಸ್ತುಸಂಗ್ರಹಾಲಯವಾಗಿ ನೋಡಿಕೊಳ್ಳುತ್ತಿದೆ. ಹೋದವರು ಸಾಮಾನ್ಯವಾಗಿ ಕವಿಯ ಕನ್ನಡಕ, ಹಸ್ತಪ್ರತಿ, ಪ್ರಶಸ್ತಿಗಳ ಮುಂದೆ ನಿಲ್ಲುತ್ತಾರೆ. ಸಹಜವೇ. ನಾನು ಹೇಳುವುದಿಷ್ಟು: ಕವಿಯನ್ನು ಒಂದು ಗಳಿಗೆ ಮರೆತು ಅದನ್ನೊಂದು ಒಕ್ಕಲು ಮನೆಯಾಗಿ ನೋಡಿ. ಗದ್ದೆ ತೋಟಗಳ ದೊಡ್ಡ ಮನೆತನವೊಂದು ಮಲೆನಾಡಿನಲ್ಲಿ ಹೇಗೆ ಬೇಸಾಯ ಮಾಡುತ್ತಿತ್ತು ಎಂಬುದಕ್ಕೆ ಅಷ್ಟು ಒಳ್ಳೆಯ ಸಾಕ್ಷಿ ಸಾರ್ವಜನಿಕರಿಗೆ ತೆರೆದಿರುವುದು ಕಡಿಮೆ.

ಮನೆ ಮೂರು ಅಂತಸ್ತಿನದು. ನಡುವೆ ತೊಟ್ಟಿಯ ಅಂಗಳ, ಸುತ್ತ ಮರದ ದಪ್ಪ ಕಂಬಗಳು, ಮೇಲೆ ಉಪ್ಪರಿಗೆಗಳು. ಬಯಲುಸೀಮೆಯ ರೈತ ತನ್ನ ಕಾಳನ್ನು ನೆಲದ ಕೆಳಕ್ಕೆ ಇಳಿಸಿದರೆ ಮಲೆನಾಡಿನ ರೈತ ಮೇಲಕ್ಕೆ ಏರಿಸುತ್ತಾನೆ. ಕಾರಣ ಸರಳ. ಆಷಾಢದ ಮಲೆನಾಡಿನಲ್ಲಿ ನೆಲವೆಲ್ಲ ಒಸರುತ್ತದೆ. ಅಲ್ಲಿ ಹಗೇವು ತೋಡಿದರೆ ಬಾವಿಯಾಗುತ್ತದೆ. ಒಣಗಿದ ಜಾಗವೆಂದರೆ ಅಟ್ಟ ಒಂದೇ. ಕೆಳಗಿನ ಒಲೆಯ ಬಿಸಿ ಮೇಲೇರಿ ಅಲ್ಲಿಟ್ಟ ಭತ್ತ, ಅಡಿಕೆ, ಸಂಬಾರ ಪದಾರ್ಥಗಳನ್ನು ಬೆಚ್ಚಗೆ ಇಡುತ್ತದೆ. ಉಪ್ಪರಿಗೆಯೆಂದರೆ ವೈಭವ ಎಂದುಕೊಂಡವರು ಒಮ್ಮೆ ತೇವದ ಬಗ್ಗೆ ಯೋಚಿಸಬೇಕು.

ಅಡಿಕೆಯ ಕೆಲಸವಂತೂ ಮನೆಯ ಮುಂಭಾಗವನ್ನೇ ರೂಪಿಸಿದೆ. ಕೊನೆ ಕೊಯ್ಲಿನ ಕಾಲದಲ್ಲಿ ತೋಟದಿಂದ ಬಂದ ಅಡಿಕೆಯನ್ನು ತಡ ಮಾಡದೆ ಸುಲಿಯಬೇಕು. ಆಗ ಜಗಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿಗಳು. ಮನೆಯವರು, ಆಳುಗಳು, ಅಕ್ಕಪಕ್ಕದವರು ಕುಳಿತು ರಾತ್ರಿಯವರೆಗೆ ಸುಲಿಯುತ್ತಾರೆ. ಸುಲಿದದ್ದನ್ನು ಹಂಡೆಯಲ್ಲಿ ಬೇಯಿಸುತ್ತಾರೆ, ಚೊಗರು ಕಟ್ಟುತ್ತಾರೆ, ಅಂಗಳದ ಚಪ್ಪರದ ಮೇಲೆ ಒಣಗಲು ಹರಡುತ್ತಾರೆ. ಜಗಲಿ ಅಷ್ಟು ಉದ್ದವಾಗಿರುವುದು, ಅಂಗಳ ಅಷ್ಟು ಅಗಲವಾಗಿರುವುದು ಇದಕ್ಕಾಗಿ. ಕತೆ, ಹಾಡು, ಊರ ಸುದ್ದಿಗಳೂ ಅಲ್ಲೇ ನಡೆಯುತ್ತಿದ್ದವು ಎಂಬುದು ಬೇರೆ ಮಾತು. ಮಲೆನಾಡಿನ ಎಷ್ಟೋ ಮಕ್ಕಳು ಕತೆ ಕೇಳಿದ್ದು ಅಡಿಕೆ ಸುಲಿಯುವ ಜಗಲಿಯಲ್ಲಿ.

ಮಾಡಿನ ಬಗ್ಗೆ ಸ್ವಲ್ಪ ಹೆಚ್ಚಾಗಿ ಹೇಳಬೇಕಾಗಿದೆ, ಏಕೆಂದರೆ ಇಂಥ ಮನೆಗಳ ಕಾಲವನ್ನು ಗುರುತಿಸಲು ಅದೇ ಒಳ್ಳೆಯ ಸುಳಿವು. ಮೊದಲು ಹುಲ್ಲು, ಅಡಿಕೆಯ ಸೋಗೆ. ಅನುಕೂಲಸ್ಥರಿಗೆ ಕುಂಬಾರರು ಮಾಡಿದ ನಾಡ ಹೆಂಚು. 1865ರಲ್ಲಿ ಬಾಸೆಲ್ ಮಿಶನ್ ಸಂಸ್ಥೆ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿತು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಆ ಚಪ್ಪಟೆ ಹೆಂಚು ನೇತ್ರಾವತಿಯ ತೀರದಿಂದ ಹೊರಟು ದೇಶವನ್ನೆಲ್ಲ ಸುತ್ತಿತು. ನಾಡ ಹೆಂಚನ್ನು ವರ್ಷ ವರ್ಷವೂ ಕೈಯಾಡಿಸಬೇಕು. ಮಂಗಳೂರು ಹೆಂಚಿಗೆ ಆ ಕಾಟ ಕಡಿಮೆ. ಆದ್ದರಿಂದ ಎರಡು ಮೂರು ಶತಮಾನ ಹಳೆಯದೆಂದು ಹೇಳುವ ಮನೆಯ ಮೇಲೆ ಮಂಗಳೂರು ಹೆಂಚು ಕಂಡರೆ, ಮಾಡು ಗೋಡೆಗಿಂತ ಕಿರಿಯದು ಎಂದು ಕಣ್ಣುಮುಚ್ಚಿ ಹೇಳಬಹುದು. ಹೆಂಚನ್ನು ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ. ಕೆಲವದರ ಮೇಲೆ 1865 ಎಂದೂ ಇರುತ್ತದೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ತಮ್ಮ ಮನೆಯದಲ್ಲ!

ಇಂಗ್ಲೆಂಡಿನಲ್ಲಿ ಇಂಥ ಸುಳಿವುಗಳಿಂದಲೇ ಇತಿಹಾಸ ಬರೆದಿದ್ದಾರೆ. ಡಬ್ಲ್ಯು. ಜಿ. ಹಾಸ್ಕಿನ್ಸ್ ಎಂಬ ಇತಿಹಾಸಕಾರರು 1953ರಲ್ಲಿ ಒಂದು ಲೇಖನ ಬರೆದು, 1570ರಿಂದ 1640ರವರೆಗಿನ ಅವಧಿಯಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿನ ಮನೆಗಳು ದೊಡ್ಡ ಪ್ರಮಾಣದಲ್ಲಿ ಹೊಸದಾಗಿ ಕಟ್ಟಲ್ಪಟ್ಟವು ಎಂದು ವಾದಿಸಿದರು. ಅಲ್ಲಿಯೂ ಹಿಂದೆ ಮನೆಯ ನಡುವಿನ ಎತ್ತರದ ಹಜಾರದಲ್ಲಿ ನೆಲದ ಮೇಲೆಯೇ ಬೆಂಕಿ, ಮಾಡಿನ ಸಂದಿನಲ್ಲಿ ಹೊಗೆ. ಆಮೇಲೆ ಇಟ್ಟಿಗೆಯ ಚಿಮಣಿ ಬಂತು, ಹಜಾರದ ನಡುವೆ ಅಟ್ಟ ಹಾಕಿ ಮೇಲೊಂದು ಕೋಣೆ ಬಂತು, ಕಿಟಕಿಗೆ ಗಾಜು ಬಂತು. ರೈತನ ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಕಾಲವನ್ನು ಅವರು ಚಿಮಣಿಯಲ್ಲಿ ಓದಿದರು. ನಮ್ಮಲ್ಲೂ ಹೆಂಚಿನಲ್ಲಿ, ಗಾಜಿನಲ್ಲಿ, ಸಿಮೆಂಟಿನ ನೆಲದಲ್ಲಿ ಅಡಿಕೆಯ ಬೆಲೆ, ರೇಷ್ಮೆಯ ಬೆಲೆ ಏರಿದ ವರ್ಷಗಳು ಅಡಗಿ ಕುಳಿತಿವೆ. ಓದುವವರು ಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ಈ ಮನೆಗಳು ಎಲ್ಲರಿಗೂ ನೆಮ್ಮದಿಯ ತಾಣವಾಗಿದ್ದವು ಎಂದು ತಾವು ಭಾವಿಸಬಾರದು. ಮನೆಯ ನಕ್ಷೆಯೇ ಸಮಾಜದ ನಕ್ಷೆಯೂ ಆಗಿತ್ತು. ಯಾರು ಜಗಲಿಯವರೆಗೆ ಬರಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು, ಯಾರು ಹಿತ್ತಲ ಕಡೆಯಿಂದ ಮಾತ್ರ ಬರಬೇಕು ಎಂಬುದನ್ನು ಒಂದೊಂದು ಹೊಸ್ತಿಲೂ ಹೇಳುತ್ತಿತ್ತು. ಅಡಿಕೆ ಹೊತ್ತು ತಂದವನ ಕೈಯಿಂದ ಅಡಿಕೆ ಅಟ್ಟಕ್ಕೆ ಹೋಗುತ್ತಿತ್ತು. ಹೊತ್ತವನು ಒಳಗೆ ಹೋಗುವಂತಿರಲಿಲ್ಲ. ಮನೆಯ ಹೆಂಗಸರ ಪ್ರಪಂಚ ತೊಟ್ಟಿಯಿಂದ ಹಿತ್ತಲಿನವರೆಗೆ. 1936ರಲ್ಲಿ ಪ್ರಕಟವಾದ ‘ಕಾನೂರು ಹೆಗ್ಗಡಿತಿ’ಯನ್ನು ಓದಿದವರಿಗೆ ಈ ಮನೆಗಳ ಬೆಳಕೂ ಕತ್ತಲೆಯೂ ಗೊತ್ತು. ಮನೆ ಪಾಲಾಗುವಾಗಿನ ನೋವೂ ಆ ಕಾದಂಬರಿಯಲ್ಲಿದೆ. ಆದ್ದರಿಂದ ಹಳೆಯ ಮನೆ ಬಿದ್ದಾಗ ಊರಿನ ಎಲ್ಲರ ಕಣ್ಣಲ್ಲೂ ನೀರು ಬರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆದರೂ ಆ ಹೊಸ್ತಿಲುಗಳು ಹೇಗಿದ್ದವು ಎಂಬ ದಾಖಲೆ, ಅವುಗಳ ಆಚೆ ನಿಂತಿದ್ದವರ ಮೊಮ್ಮಕ್ಕಳಿಗೇ ಹೆಚ್ಚು ಬೇಕಾದದ್ದು ಎಂದು ನನ್ನ ಭಾವನೆ.

ಮನೆಗಳು ಬೀಳಲು ಕಾರಣ ಒಂದೇ ಅಲ್ಲ. 1974ರ ಭೂಸುಧಾರಣಾ ಕಾನೂನಿನಿಂದ ಉಳುವವನು ಹೊಲದೊಡೆಯನಾದ. ಅದು ಆಗಲೇಬೇಕಾಗಿದ್ದ ಕೆಲಸ. ಆದರೆ ಗೇಣಿಯ ಭತ್ತವನ್ನು ತುಂಬಿಡಲೆಂದೇ ಕಟ್ಟಿದ ಅಟ್ಟ ಕಣಜಗಳು ಅಂದಿನಿಂದ ಬರಿದಾದವು. ಟ್ರ್ಯಾಕ್ಟರು ಬಂದು ಎತ್ತಿನ ಅಂಕಣ ಖಾಲಿಯಾಯಿತು. ನ್ಯಾಯಬೆಲೆ ಅಂಗಡಿಯ ಕಾಲದಲ್ಲಿ ಹಗೇವಿಗೆ ಕೆಲಸವಿಲ್ಲ. ಅಣ್ಣತಮ್ಮಂದಿರು ಪಾಲಾದಾಗ ಹೊಲವನ್ನು ಅಳೆದು ಹಂಚಬಹುದು. ತೊಟ್ಟಿಯನ್ನು ಹಂಚುವುದು ಹೇಗೆ? ನಡುವೆ ಗೋಡೆ ಎದ್ದರೆ ಇಬ್ಬರಿಗೂ ಬೆಳಕಿಲ್ಲ. ಮನೆ ಎಷ್ಟೇ ಗಟ್ಟಿಯಾಗಿದ್ದರೂ ಅದಕ್ಕಿದ್ದ ಕೆಲಸಗಳು ಹೀಗೆ ಒಂದೊಂದಾಗಿ ಕಳಚಿಕೊಂಡವು.

ಕೆಲಸವಿಲ್ಲದ ಮನೆಯಲ್ಲಿ ಜನ ನಿಲ್ಲುವುದಿಲ್ಲ. ಜನರಿಲ್ಲದ ಮಣ್ಣಿನ ಮನೆ ನಿಲ್ಲುವುದಿಲ್ಲ. ಮಣ್ಣಿನ ಗೋಡೆಗೆ ನೂರಾರು ವರ್ಷದ ಆಯುಸ್ಸಿದೆ, ತಲೆಯ ಮೇಲೆ ಮಾಡು ಇರುವ ತನಕ. ಕೋತಿಯೊಂದು ಹಾರಿ ಒಂದು ಹೆಂಚು ಒಡೆದರೆ, ಒಳಗೆ ಒಲೆ ಹಚ್ಚುವವರಿದ್ದರೆ ಅದೇ ದಿನ ಗೊತ್ತಾಗುತ್ತದೆ. ಇಲ್ಲದಿದ್ದರೆ ನೀರು ಗೋಡೆಯೊಳಗೆ ಇಳಿಯುತ್ತದೆ; ಎರಡು ಮೂರು ಮಳೆಗಾಲ ಸಾಕು, ಗೋಡೆ ಮತ್ತೆ ಮಣ್ಣಾಗುತ್ತದೆ. ಕಂಬ ತೊಲೆಗಳು ಮರದ ವ್ಯಾಪಾರಿಯ ಲಾರಿ ಹತ್ತುತ್ತವೆ. ಬೆಂಗಳೂರಿನ ಹೋಟೆಲ್ಲಿನಲ್ಲೋ ಹೊಸ ಬಂಗಲೆಯ ವರಾಂಡದಲ್ಲೋ ಕೆತ್ತನೆಯ ಕಂಬವೊಂದು ಏನನ್ನೂ ಹೊರದೆ ಸುಮ್ಮನೆ ನಿಂತಿರುವುದನ್ನು ತಾವೂ ನೋಡಿರುತ್ತೀರಿ.

ನೀರಿನ ವಿಷಯ ಬಂತು, ಇನ್ನೊಂದು ನೀರನ್ನೂ ಹೇಳಬೇಕು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಯಿತು. ಸುಮಾರು 300 ಚದರ ಕಿಲೋಮೀಟರು ವಿಸ್ತಾರದ ಹಿನ್ನೀರಿನ ಕೆಳಗೆ ಕಣಿವೆಯ ಹಳ್ಳಿಗಳು, ಗದ್ದೆಗಳು, ತೋಟಗಳು ಸೇರಿದವು. ನಮ್ಮೆಲ್ಲರ ಮನೆಯ ದೀಪಕ್ಕಾಗಿ ಮುಳುಗಿದ ಮನೆಗಳು ಅವು. ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಆ ಜನರ ಸಂಕಟವನ್ನು ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಲನಚಿತ್ರ ಮಾಡಿದರು. ಸಾಹಿತ್ಯ ತನ್ನ ಕೆಲಸ ಮಾಡಿತು. ಅದೇ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ಬೌ ಬೀಚ್ ಎಂಬಲ್ಲಿ ಜಲಾಶಯವೊಂದು ಕಟ್ಟಲಾಗುತ್ತಿತ್ತು. ಅಲ್ಲಿ ಮುಳುಗಬೇಕಾಗಿದ್ದ ಬೇಲೀಫ್ ಎಂಬ ಹದಿನೈದನೆಯ ಶತಮಾನದ ರೈತರ ಮನೆಯನ್ನು ಬಿಚ್ಚಿ, ಸಸೆಕ್ಸಿನ ಸಿಂಗಲ್ಟನ್ನಿನಲ್ಲಿ 1970ರಲ್ಲಿ ತೆರೆದ ವೀಲ್ಡ್ ಅಂಡ್ ಡೌನ್‌ಲೆಂಡ್ ಬಯಲು ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ಮರಳಿ ಜೋಡಿಸಿದರು. ಈಗ ಅಲ್ಲಿ ಹೋದವರಿಗೆ ಆ ಕಾಲದ ಅಡಿಗೆಯ ಪಾತ್ರೆ, ಹಾಸಿಗೆ, ಹಿತ್ತಲ ತರಕಾರಿ ಮಡಿಗಳ ಸಮೇತ ಮನೆ ಕಾಣುತ್ತದೆ. ಎರಡು ಜಲಾಶಯಗಳ ಗಾತ್ರಕ್ಕೆ ಹೋಲಿಕೆಯೇ ಇಲ್ಲ, ಎರಡು ದೇಶಗಳ ಅನುಕೂಲಕ್ಕೂ ಇಲ್ಲ, ಒಪ್ಪಿದೆ. ಆದರೂ ಮುಳುಗಿದ ಶರಾವತಿ ಕಣಿವೆಯ ಒಕ್ಕಲು ಮನೆಯೊಂದನ್ನು ಹೀಗೆ ಹೊಕ್ಕು ನೋಡುವ ಭಾಗ್ಯ ನಮಗಿದ್ದಿದ್ದರೆ ಎನಿಸದೆ ಇರುವುದಿಲ್ಲ.

ಅಂಥ ಕೆಲಸ ನಮ್ಮಲ್ಲಿ ಅಸಾಧ್ಯವಂತೂ ಅಲ್ಲ. ಹಳೆಯ ಬಡಗಿಗಳು ಮರವನ್ನು ಮೊಳೆಯಿಂದ ಜಡಿಯುತ್ತಿದ್ದುದು ಕಡಿಮೆ. ಒಂದರ ತುದಿಯನ್ನು ಕೆತ್ತಿ ಇನ್ನೊಂದರ ತೂತಿಗೆ ಕೂರಿಸಿ ಮರದ ಬೆಣೆ ಹೊಡೆಯುತ್ತಿದ್ದರು. ಹಾಗೆ ಕೂರಿಸಿದ್ದನ್ನು ಬಿಚ್ಚಲೂ ಬರುತ್ತದೆ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ಮಾಡಿ ತೋರಿಸಿದ್ದು ಇದನ್ನೇ. ಬೀಳಲಿದ್ದ ಮನೆಗಳನ್ನು ನಾಡಿನ ಬೇರೆ ಬೇರೆ ಕಡೆಯಿಂದ ಬಿಚ್ಚಿ ತಂದು ಮರಳಿ ನಿಲ್ಲಿಸಿದರು. 2017ರಲ್ಲಿ ಅವರು ತೀರಿಕೊಂಡರು, ಮನೆಗಳು ಅಲ್ಲಿವೆ. ಒಬ್ಬ ವ್ಯಕ್ತಿಯ ಹಟದಿಂದ ಅಷ್ಟಾಯಿತು.

ಎಲ್ಲ ಮನೆಗಳನ್ನೂ ಹಾಗೆ ಹೊತ್ತು ತರಲಾಗದು. ಬರೆದಿಡಬಹುದು. ತಮ್ಮ ಊರಿನಲ್ಲಿ, ತಮ್ಮ ತಾಯಿಯ ತವರಿನಲ್ಲಿ ಇಂಥ ಮನೆಯೊಂದು ಇನ್ನೂ ನಿಂತಿದ್ದರೆ, ಮುಂದಿನ ಬಾರಿ ಹೋದಾಗ ಒಂದು ಟೇಪು, ಒಂದು ಬರೆಯುವ ಪುಸ್ತಕ ಜೊತೆಗಿರಲಿ. ಮೊಬೈಲಿನ ಕ್ಯಾಮರಾ ಹೇಗೂ ಇರುತ್ತದೆ. ಕೆತ್ತನೆಯ ಬಾಗಿಲ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳಿ, ಬೇಡವೆನ್ನುವುದಿಲ್ಲ. ಆಮೇಲೆ ಅಂಕಣಗಳನ್ನು ಎಣಿಸಿ. ಕಂಬದಿಂದ ಕಂಬಕ್ಕೆ ಅಳೆಯಿರಿ. ಗೋಡೆಯ ದಪ್ಪವನ್ನು ಬಾಗಿಲ ಬಳಿ ಅಳೆಯಿರಿ. ತೊಲೆಯಲ್ಲಿ ನೇತಾಡುವ ಕಬ್ಬಿಣದ ಕೊಂಡಿ ತೊಟ್ಟಿಲಿಗೋ ತಕ್ಕಡಿಗೋ ಎಂದು ಕೇಳಿ. ಗೋಡೆಯ ಗೂಡು ದೀಪಕ್ಕೋ ಸುಣ್ಣದ ಡಬ್ಬಿಗೋ ಕೇಳಿ. ಯಜಮಾನರನ್ನು ಕೇಳಿದರೆ ಮನೆತನದ ಪ್ರತಿಷ್ಠೆಯ ಕಥೆ ಹೇಳುತ್ತಾರೆ, ಅದೂ ಇರಲಿ. ಅಜ್ಜಿಯನ್ನು ಕೇಳಿದರೆ ಎಲ್ಲಿ ಏನನ್ನು ಇಡುತ್ತಿದ್ದರು ಎಂಬುದು ಸಿಗುತ್ತದೆ. ಆ ಮನೆಯಲ್ಲಿ ದುಡಿದವರು ಊರಿನಲ್ಲಿ ಯಾರಾದರೂ ಇದ್ದರೆ ಅವರನ್ನೂ ಕೇಳಲೇಬೇಕು. ಹಗೇವಿಗೆ ಇಳಿದವರು, ಮಾಡಿನ ಮೇಲೆ ಹತ್ತಿದವರು ಅವರೇ. ಅವರ ಮಾತನ್ನು ಅವರ ದನಿಯಲ್ಲೇ ಹಿಡಿದಿಡಿ.

ಇನ್ನೊಂದು ವಿಷಯ. ಹಬ್ಬಕ್ಕೆ ಹೋದಾಗ ಮನೆ ಸಿಂಗಾರಗೊಂಡಿರುತ್ತದೆ, ಏನೂ ತಿಳಿಯುವುದಿಲ್ಲ. ಆಗುವುದಾದರೆ ಮಳೆಗಾಲದಲ್ಲಿ ಹೋಗಿ. ನಾಲ್ಕೂ ಕಡೆಯ ಮಾಡಿನಿಂದ ನೀರು ತೊಟ್ಟಿಗೆ ಧುಮುಕುವಾಗ ಅದು ಯಾವ ಮೂಲೆಗೆ ಹರಿಯುತ್ತದೆ, ಯಾವ ತೂಬಿನಿಂದ ಹೊರಗೆ ಹೋಗುತ್ತದೆ, ಒಣಗಿದ ಜಾಗ ಎಲ್ಲಿ ಉಳಿಯುತ್ತದೆ, ಮನೆಯವರು ಎಲ್ಲಿ ಹೋಗಿ ಕೂರುತ್ತಾರೆ, ಎಲ್ಲವೂ ಅರ್ಧ ಗಂಟೆಯಲ್ಲಿ ಕಾಣುತ್ತದೆ. ಧ್ವನಿ ಮಾತ್ರ ಸರಿಯಾಗಿ ದಾಖಲಾಗುವುದಿಲ್ಲ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸದು. ಮಾತು ಮಳೆ ನಿಂತ ಮೇಲೆ ಆಗಲಿ.